ಕೈತೋಟದ ಮಾತು: ಬೂದಿಯೋ, ಬೂಜೋ?

ದಸರೆ ಕಳೆದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಕಾಗದಗಳಲ್ಲೆಲ್ಲ ಒಂದೇ ಮಾತು ಕಾಣತೊಡಗುತ್ತದೆ. “ಬಳ್ಳಿಯ ಎಲೆಗೆ ಬಿಳಿ ರೋಗ ಬಂದಿದೆ, ಯಾವ ಔಷಧಿ ಹೊಡೆಯಬೇಕು?” ಈ ಸಲವೂ ಹಾಗೆಯೇ ಆಗಿದೆ. ನಾಶಿಕದ ಸೋದರಿಯೊಬ್ಬರು ಊರಿನಿಂದ ತರಿಸಿದ ಮಂಗಳೂರು ಸೌತೆಯ ಬೀಜ ಹಾಕಿದ್ದರಂತೆ. ಬಳ್ಳಿ ಸೊಗಸಾಗಿ ಹಬ್ಬಿ ನಾಲ್ಕಾರು ಕಾಯಿ ಕಚ್ಚಿದ್ದೇ ತಡ, ಒಂದು ವಾರದೊಳಗೆ ಎಲೆಗಳೆಲ್ಲ ಬೆಂಕಿಯ ಝಳ ತಾಕಿದಂತೆ ಸುಟ್ಟುಹೋದುವೆಂದು ಬರೆದಿದ್ದಾರೆ. ಛತ್ರಪತಿ ಸಂಭಾಜಿನಗರದ ಗೃಹಸ್ಥರೊಬ್ಬರು ಮಹಡಿಯ ಮೇಲಿನ ಕುಂಡಗಳಲ್ಲಿ ಬೆಂಡೆ, ಬಟಾಣಿ ಬೆಳೆದಿದ್ದಾರೆ. ಅವುಗಳ ಎಲೆಯ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿದಂತೆ ಕಾಣುತ್ತಿದೆಯೆಂದು ಅವರ ದೂರು. ಇಬ್ಬರಿಗೂ ಒಂದೇ ಅವಸರ: ಮದ್ದಿನ ಹೆಸರು ಬೇಕು, ಬೇಗ ಬೇಕು.

ಮದ್ದಿನ ಹೆಸರು ಹೇಳುವುದಕ್ಕೆ ಮುಂಚೆ ನಾವು ಇಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತೇವೆ. ಎಲೆಯನ್ನು ಮಗುಚಿ ನೋಡಿದಿರಾ? ಹಾಗೆ ನೋಡದೆ ಮದ್ದು ಹೇಳುವುದೆಂದರೆ ರೋಗಿಯ ನಾಡಿ ಹಿಡಿಯದೆ ಕಷಾಯ ಕುಡಿಸಿದಂತೆ. ಏಕೆಂದರೆ ನಾವೆಲ್ಲ ಒಂದೇ ಹೆಸರಿನಿಂದ ಕರೆಯುವ ಈ ‘ಬಿಳಿ ರೋಗ’ ಒಂದಲ್ಲ, ಎರಡು. ದೂರದಿಂದ ನೋಡುವವರಿಗೆ ಅಕ್ಕತಂಗಿಯರಂತೆ ಕಂಡರೂ ಅವುಗಳ ಕುಲವೇ ಬೇರೆ, ಗುಣವೇ ಬೇರೆ. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಅಹಿತ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಮೊದಲನೆಯದು ಬೂದಿ ರೋಗ. ಇಲ್ಲಿಯ ಮರಾಠಿ ನೆರೆಯವರು ಇದನ್ನು ‘ಭುರೀ’ ಎನ್ನುತ್ತಾರೆ. ಎರಡನೆಯದು ಬೂಜು ರೋಗ. ಇದಕ್ಕೆ ಮರಾಠಿಯಲ್ಲಿ ‘ಕೇವಡಾ’ ಎಂದು ಹೆಸರು. ಕೇವಡಾ ಎಂದರೆ ನಮ್ಮ ಕೇದಿಗೆಯೇ. ನಮ್ಮ ಕಡೆಯ ರೈತರೂ ಮೆಕ್ಕೆಜೋಳಕ್ಕೆ, ಸಜ್ಜೆಗೆ ಬರುವ ಇದೇ ಬಳಗದ ರೋಗವನ್ನು ಕೇದಿಗೆ ರೋಗವೆಂದೇ ಕರೆಯುತ್ತಾರೆ. ಹಸಿರು ಬತ್ತಿ ಎಲೆ ಕೇದಿಗೆಯ ಗರಿಯಂತೆ ತಿಳಿಹಳದಿಯಾಗುವುದನ್ನು ಕಂಡು ಎರಡು ಭಾಷೆಯ ಒಕ್ಕಲಿಗರೂ ಒಂದೇ ಹೆಸರಿಟ್ಟಿದ್ದಾರೆ. ಅಂಗಡಿಗೆ ಹೋದಾಗ ಈ ಎರಡು ಮರಾಠಿ ಹೆಸರುಗಳು ನೆನಪಿನಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ.

ಇನ್ನು ಗುರುತಿನ ಮಾತು. ಬೂದಿ ರೋಗ ಸಾಮಾನ್ಯವಾಗಿ ಎಲೆಯ ಮೇಲ್ಭಾಗದಲ್ಲಿ, ಬುಡದ ಕಡೆಯ ಹಳೆಯ ಎಲೆಗಳಲ್ಲಿ, ಗಾಳಿಯಾಡದ ನೆರಳಿನಲ್ಲಿ ಮೊದಲು ತಲೆ ಹಾಕುತ್ತದೆ. ಮೊದಲು ಕಾಸಿನಗಲದ ಬಿಳಿ ಮಚ್ಚೆ. ಆಮೇಲೆ ಮಚ್ಚೆಗಳು ಒಂದಕ್ಕೊಂದು ಕೂಡಿ ಎಲೆಯೆಲ್ಲ ವಿಭೂತಿ ಬಳಿದಂತಾಗುತ್ತದೆ. ಬೆರಳಿನಿಂದ ಒರಸಿದರೆ ಪುಡಿ ಕೈಗೆ ಅಂಟುತ್ತದೆ. ಇದು ಎಲೆಯ ಮೇಲೆಯೇ ವಾಸಮಾಡುವ ಶಿಲೀಂಧ್ರ. ಮೇಲೆ ಕುಳಿತು, ಸಣ್ಣ ಸಣ್ಣ ಹೀರುಬೇರುಗಳನ್ನು ಎಲೆಯ ಹೊರಪದರದೊಳಕ್ಕೆ ಇಳಿಸಿ ರಸ ಕುಡಿಯುತ್ತದೆ. ಗಿಡ ಒಮ್ಮೆಲೇ ಸಾಯುವುದಿಲ್ಲ. ದಿನದಿಂದ ದಿನಕ್ಕೆ ಸೊರಗುತ್ತದೆ.

ಬೂಜು ರೋಗದ ರೀತಿ ಬೇರೆ. ಎಲೆಯ ಮೇಲ್ಭಾಗದಲ್ಲಿ ಹಳದಿ ಮಚ್ಚೆಗಳು ಏಳುತ್ತವೆ. ಸೌತೆಯ ಎಲೆಯಲ್ಲಿ ಈ ಮಚ್ಚೆಗಳು ನರಗಳ ನಡುವೆ ಕಟ್ಟುಹಾಕಿದಂತೆ ಮೂಲೆಮೂಲೆಯಾಗಿರುತ್ತವೆ, ದುಂಡಗಿರುವುದಿಲ್ಲ. ಬೆಳಗಿನ ಮಂಜು ಆರುವ ಮೊದಲೇ ಎದ್ದು ಎಲೆಯನ್ನು ಮಗುಚಿದರೆ, ಹಳದಿ ಮಚ್ಚೆಯ ನೇರ ಕೆಳಗೆ ಬೂದುಬಣ್ಣದ, ಕೆಲವೊಮ್ಮೆ ನೇರಳೆ ಛಾಯೆಯ, ತೆಳುವಾದ ತುಪ್ಪಟ ಕಾಣಿಸುತ್ತದೆ. ಬಿಸಿಲೇರಿದ ಮೇಲೆ ನೋಡಿದರೆ ಅದು ಒಣಗಿ ಉಡುಗಿರುತ್ತದೆ, ಕಾಣದೆಯೂ ಹೋಗಬಹುದು. ಇದು ಎಲೆಯ ಒಳಗೆ ಹೊಕ್ಕು ಬೆಳೆಯುವ ಜೀವಿ. ನೋಡಲು ಶಿಲೀಂಧ್ರದಂತಿದ್ದರೂ ವಿಜ್ಞಾನಿಗಳು ಇದನ್ನು ನಿಜವಾದ ಶಿಲೀಂಧ್ರಗಳ ಸಾಲಿನಲ್ಲಿ ಕೂಡಿಸುವುದಿಲ್ಲ. ನೀರಿನ ಪಾಚಿಯ ಕೆಲವು ಜಾತಿಗಳಿಗೆ ಹತ್ತಿರದ ನಂಟೆಂದು ಎಣಿಸುತ್ತಾರೆ. ಇದರ ವೇಗವೂ ಹೆಚ್ಚು. ಹವೆ ಕೂಡಿಬಂದರೆ ವಾರ ಹತ್ತು ದಿನದಲ್ಲಿ ಬಳ್ಳಿಯನ್ನೇ ಬರಿದುಮಾಡಬಲ್ಲದು.

ಈಗ ಮುಖ್ಯವಾದ ಭೇದಕ್ಕೆ ಬರೋಣ. ಅದು ನೀರಿನದು. ಬೂಜಿನ ಬೀಜಕಣ ಎಲೆಯ ಮೇಲೆ ಬಿದ್ದರೆ ಸಾಲದು. ಅಲ್ಲಿ ಕೆಲವು ತಾಸಾದರೂ ನೀರಿನ ಪಸೆ ನಿಂತಿರಬೇಕು. ಆ ನೀರಿನಲ್ಲಿ ಕಣ ಒಡೆದು, ಅದರೊಳಗಿನಿಂದ ಈಜಬಲ್ಲ ಮರಿಕಣಗಳು ಹೊರಟು, ಎಲೆಯ ಉಸಿರುರಂಧ್ರಗಳನ್ನು ಹುಡುಕಿ ಒಳಗೆ ಇಳಿಯುತ್ತವೆ. ನೀರಿಲ್ಲದಿದ್ದರೆ ಅವಕ್ಕೆ ದಾರಿಯೇ ಇಲ್ಲ. ಬೂದಿಯ ಕಣಕ್ಕೆ ಹಾಗಲ್ಲ. ಅದು ತನಗೆ ಬೇಕಾದ ತೇವವನ್ನು ತನ್ನೊಳಗೇ ಹೊತ್ತು ತರುತ್ತದೆ. ಎಲೆ ಒಣಗಿದ್ದರೂ ಮೊಳೆಯುತ್ತದೆ. ಎಲೆಯ ಮೇಲೆ ನೀರು ನಿಂತರೆ ಅದಕ್ಕೇ ಕೇಡು. ಗಾಳಿಯಲ್ಲಿ ಸ್ವಲ್ಪ ತಂಪು, ಹಗಲು ಹಿತವಾದ ಬಿಸಿಲು, ಒತ್ತಾದ ನೆರಳು ಇವಿಷ್ಟಿದ್ದರೆ ಅದಕ್ಕೆ ಹಬ್ಬ.

ಇದರಿಂದಲೇ ನಮ್ಮ ಎರಡು ಊರುಗಳ ಕಾಗದಗಳ ಭೇದವೂ ತಿಳಿಯುತ್ತದೆ. ನಾಶಿಕ ಸಹ್ಯಾದ್ರಿಯ ಮಗ್ಗುಲಲ್ಲಿದೆ. ಮಳೆಗಾಲದ ಕೊನೆಯಲ್ಲಿ ಅಲ್ಲಿ ಒಂದು ಮಳೆ, ಒಂದು ಬಿಸಿಲು, ಬೆಳಗಿನ ಮಂಜು. ಅಂಥ ಹವೆಯಲ್ಲಿ ಸೌತೆಯ ಎಲೆ ರಾತ್ರಿಯಿಡೀ ಒದ್ದೆ. ನಾಶಿಕದ ಸೋದರಿ ಹೇಳುವ ‘ವಾರದಲ್ಲಿ ಸುಟ್ಟ ಎಲೆ’ ಬೂಜು ರೋಗದ ಲಕ್ಷಣ. ಸಂಭಾಜಿನಗರ ಘಟ್ಟದಿಂದ ದೂರ, ಒಣಸೀಮೆಯ ಕಡೆಗಿದೆ. ಮಹಡಿಯ ಮೇಲೆ ಒತ್ತೊತ್ತಾಗಿಟ್ಟ ಕುಂಡಗಳಲ್ಲಿ ಬೆಂಡೆ, ಬಟಾಣಿಗೆ ಹಿಟ್ಟು ಉದುರಿಸಿದಂತೆ ಕಂಡರೆ ಅದು ಬೂದಿ. ಹಾಗೆಂದು ಒಂದು ಊರಿಗೆ ಒಂದೇ ರೋಗವೆಂದು ಯಾರೂ ಭಾವಿಸಬಾರದು. ನಾಶಿಕದಲ್ಲಿಯೂ ಮಾರ್ಗಶಿರ, ಪುಷ್ಯದ ಒಣಚಳಿಯಲ್ಲಿ ಬೂದಿ ಬರುತ್ತದೆ. ಸಂಭಾಜಿನಗರದಲ್ಲಿಯೂ ಶ್ರಾವಣದ ಜಡಿಮಳೆಯಲ್ಲಿ ಬೂಜು ಬರುತ್ತದೆ. ನೋಡಬೇಕಾದದ್ದು ಊರನ್ನಲ್ಲ, ಹವೆಯನ್ನು. ಹವೆಗಿಂತಲೂ ಹೆಚ್ಚಾಗಿ ಎಲೆಯನ್ನು.

ರೋಗವಲ್ಲದ್ದನ್ನು ರೋಗವೆಂದು ಭ್ರಮಿಸುವುದೂ ಉಂಟು. ಬೂದುಗುಂಬಳದ ಮೇಲಿನ ಬೂದಿ ರೋಗವಲ್ಲ. ಕಾಯಿ ಬಲಿತಂತೆಲ್ಲ ಅದು ತಾನೇ ಹೊದ್ದುಕೊಳ್ಳುವ ಮೇಣದ ಹೊದಿಕೆ. ಸಿಹಿಗುಂಬಳದ ಕೆಲವು ತಳಿಗಳ ಎಲೆಯಲ್ಲಿ ನರಗಳು ಕವಲೊಡೆಯುವ ಕಡೆ ಬೆಳ್ಳಿಯಂಥ ಮಚ್ಚೆಗಳು ಹುಟ್ಟಿನಿಂದಲೇ ಇರುತ್ತವೆ. ಒರಸಿದರೆ ಅವು ಹೋಗುವುದಿಲ್ಲ. ಗಡಸು ನೀರು ಒಣಗಿ ಉಳಿಯುವ ಬಿಳಿ ಕಲೆಯೂ ಹಾಗೆಯೇ ಮೋಸಮಾಡುತ್ತದೆ. ಇನ್ನು ಬೂದಿ ಹತ್ತಿದ ಎಲೆಯ ಮೇಲೆ ಹಳದಿಬಣ್ಣದ ಪುಟ್ಟ ಗುಲಗಂಜಿ ಹುಳು ಕಂಡರೆ ಅದನ್ನು ಹೊಸಕಬೇಡಿ. ಈ ಜಾತಿಯ ಹುಳು ಎಲೆಯನ್ನು ತಿನ್ನುವುದಿಲ್ಲ, ಆ ಬೂದಿಯನ್ನೇ ಮೇಯುತ್ತದೆ.

ನಾಶಿಕದ ಕಡೆಯವರು ಇನ್ನೊಂದು ಮಾತು ಹೇಳುವುದನ್ನು ನಾವು ಆಗಾಗ ಕೇಳುತ್ತೇವೆ. “ಪಕ್ಕದಲ್ಲಿ ದ್ರಾಕ್ಷಿ ತೋಟವಿದೆ; ಅಲ್ಲಿಂದಲೇ ನಮ್ಮ ಸೌತೆಗೆ ಹತ್ತಿತು” ಎಂದು. ನಿಫಾಡ, ದಿಂಡೋರಿ ತಾಲೂಕುಗಳಲ್ಲಿ ಎಲ್ಲಿ ನೋಡಿದರೂ ದ್ರಾಕ್ಷಿಯೇ ಆದ್ದರಿಂದ ಈ ಅನುಮಾನ ಸಹಜ. ಆದರೆ ಇದು ನಿಜವಲ್ಲ. ದ್ರಾಕ್ಷಿಗೂ ಬೂದಿ ಇದೆ, ಬೂಜಿದೆ. ಆದರೆ ಅವು ದ್ರಾಕ್ಷಿಯ ಕುಲಕ್ಕೇ ಮೀಸಲು. ಸೌತೆ, ಹೀರೆ, ಹಾಗಲಗಳ ಬೂಜು ಆ ಕುಟುಂಬದೊಳಗೇ ತಿರುಗುತ್ತದೆ. ಬಟಾಣಿಯ ಬೂದಿ ಸೌತೆಗೆ ಬರುವುದಿಲ್ಲ. ಗುಲಾಬಿಯ ಬೂದಿ ಬಟಾಣಿಗೆ ಬರುವುದಿಲ್ಲ. ಸೌತೆಗೆ ರೋಗ ಬಂದರೆ ಅದು ಇನ್ನಾವುದೋ ಹಿತ್ತಲಿನ ಸೌತೆಯ ಬಳಗದಿಂದ ಗಾಳಿಯ ಮೂಲಕ ಬಂದದ್ದು. ನೆರೆಯವರ ದ್ರಾಕ್ಷಿಯ ಮೇಲೆ ತಪ್ಪು ಹೊರಿಸಬೇಡಿ.

ಆದರೆ ಆ ದ್ರಾಕ್ಷಿ ಬೆಳೆಗಾರರಿಂದ ಕಲಿಯಬೇಕಾದ ಪಾಠವೊಂದಿದೆ. ಅದು ಹವೆಯನ್ನು ಓದುವುದು. ಅವರು ಅಕ್ಟೋಬರ್ ಸುಮಾರಿಗೆ ಫಸಲಿಗಾಗಿ ಬಳ್ಳಿ ಸವರುತ್ತಾರೆ. ಆಮೇಲೆ ಎಳೆಯ ಚಿಗುರು ಬಂದ ದಿನಗಳಲ್ಲಿ ಅಕಾಲದ ಮಳೆ ಬಿದ್ದರೆ ಅವರಿಗೆ ರಾತ್ರಿ ನಿದ್ದೆಯಿಲ್ಲ. ೨೦೦೯ರ ನವೆಂಬರಿನಲ್ಲಿ ಫಯಾನ್ ಚಂಡಮಾರುತದ ಮಳೆ ಹೊಯ್ದಾಗ ನಾಶಿಕದ ದ್ರಾಕ್ಷಿಗೆ ಬೂಜು ರೋಗ ಹತ್ತಿ ಅಪಾರ ನಷ್ಟವಾಯಿತು. ವಿಜಯಪುರದ ಕಡೆಯ ನಮ್ಮ ದ್ರಾಕ್ಷಿ ಬೆಳೆಗಾರರಿಗೂ ಇದೇ ಭಯ. ಮೋಡ ಕವಿದೊಡನೆ ಅವರು ಆಕಾಶ ನೋಡುವಂತೆಯೇ ಕೈತೋಟದವರೂ ನೋಡುವುದನ್ನು ರೂಢಿಮಾಡಿಕೊಳ್ಳಬೇಕು.

ಈ ಎರಡು ರೋಗಗಳಿಗೆ ಮದ್ದು ಸಿಕ್ಕಿದ ಕಥೆಯೂ ದ್ರಾಕ್ಷಿಯಿಂದಲೇ ಹೊರಟದ್ದು. ೧೮೪೫ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಊರಿನಲ್ಲಿ ಟಕ್ಕರ್ ಎಂಬ ಮಾಲಿ ದ್ರಾಕ್ಷಿಯ ಮೇಲೆ ಬೂದಿ ರೋಗವನ್ನು ಮೊದಲಿಗೆ ಗುರುತಿಸಿದ. ಕೆಲವೇ ವರ್ಷಗಳಲ್ಲಿ ಅದು ಫ್ರಾನ್ಸಿಗೆ ಹಬ್ಬಿ ಅಲ್ಲಿಯ ದ್ರಾಕ್ಷಿಯ ಫಸಲನ್ನು ಬಹುಮಟ್ಟಿಗೆ ನುಂಗಿಹಾಕಿತು. ಆಗ ಅವರನ್ನು ಉಳಿಸಿದ್ದು ಗಂಧಕದ ಪುಡಿ. ಬೂಜು ರೋಗ ಫ್ರಾನ್ಸಿಗೆ ಕಾಲಿಟ್ಟದ್ದು ೧೮೭೮ರಲ್ಲಿ. ಗಂಧಕ ಅದಕ್ಕೆ ನಾಟಲಿಲ್ಲ. ೧೮೮೨ರಲ್ಲಿ ಬೋರ್ಡೋ ಪ್ರಾಂತದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಅಧ್ಯಾಪಕರು ಒಂದು ವಿಚಿತ್ರವನ್ನು ಕಂಡರು. ದಾರಿಯ ಪಕ್ಕದ ಸಾಲಿನ ಬಳ್ಳಿಗಳಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿತ್ತು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲೆಂದು ಒಡೆಯರು ಆ ಸಾಲಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ನೀರನ್ನು ಎರಚಿದ್ದರಂತೆ! ಕಳ್ಳರಿಗೆಂದು ಎರಚಿದ್ದು ರೋಗಕ್ಕೆ ಮದ್ದಾಯಿತು. ಮಿಲಾರ್ಡೆಯವರು ಪ್ರಯೋಗ ನಡೆಸಿ ೧೮೮೫ರಲ್ಲಿ ಅದನ್ನು ಪ್ರಕಟಿಸಿದರು. ಅದೇ ಇಂದಿಗೂ ಹೆಸರಾದ ಬೋರ್ಡೋ ದ್ರಾವಣ.

ಮಲೆನಾಡಿನಿಂದ ಬಂದ ನಮ್ಮ ಓದುಗರಿಗೆ ಈ ಹೆಸರು ಹೊಸದಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು ಇದನ್ನೇ. ಕೊಳೆಯನ್ನು ತರುವ ಜೀವಿಯೂ ಬೂಜಿನ ದಾಯಾದಿ; ೧೮೪೫ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಘೋರ ಕ್ಷಾಮ ತಂದದ್ದೂ ಅದೇ ವಂಶ. ಹಿಂದೆ ಅಡಿಕೆಯ ಗೊನೆಗೆ ಮಳೆನೀರು ತಾಕದಂತೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ಕೆನಡಾದವರಾದ ಡಾ. ಲೆಸ್ಲಿ ಕೋಲ್ಮನ್ ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಕೊಳೆರೋಗವನ್ನು ಅಭ್ಯಾಸ ಮಾಡಿ, ೧೯೧೦ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಅಡಿಕೆಯ ತೋಟಕ್ಕೆ ತಂದರು. ಅವರು ಬೆಳೆಗಾರರಿಗೆ ಹೇಳಿಕೊಟ್ಟದ್ದರ ಸಾರ ಹೀಗೆ: ಮದ್ದನ್ನು ಮಳೆಗೆ ಮುಂಚೆ ಹೊಡೆಯಬೇಕು. ರೋಗ ಒಳಹೊಕ್ಕ ಮೇಲೆ ಈ ತಾಮ್ರದ ನೀರು ಅದನ್ನು ಹೊರಗೆ ಎಳೆಯಲಾರದು. ಅದು ವೈದ್ಯನಲ್ಲ, ಬಾಗಿಲ ಕಾವಲುಗಾರ. ಕಳ್ಳ ಒಳಗೆ ಬಂದ ಮೇಲೆ ಬಾಗಿಲಿಗೆ ಕಾವಲಿಟ್ಟು ಫಲವೇನು?

ಸರಿ, ಇನ್ನು ನಮ್ಮ ಹಿತ್ತಲಿಗೆ ಬರೋಣ. ಮದ್ದಿಗಿಂತ ಮೊದಲು ಮಾಡಬೇಕಾದ, ಕಾಸು ಖರ್ಚಿಲ್ಲದ ಕೆಲಸಗಳು ನಾಲ್ಕಿವೆ.

ಒಂದು, ಗಾಳಿ. ಬಳ್ಳಿಯನ್ನು ನೆಲದ ಮೇಲೆ ಹರಡಲು ಬಿಡದೆ ಚಪ್ಪರಕ್ಕೋ ಹಗ್ಗಕ್ಕೋ ಹಬ್ಬಿಸಿ. ಕುಂಡಗಳ ನಡುವೆ ಒಂದು ಮೊಳವಾದರೂ ತೆರಪಿರಲಿ. ಜಾಗವಿಲ್ಲವೆಂದು ಎರಡು ಬಳ್ಳಿಯ ಜಾಗದಲ್ಲಿ ಐದು ಹಾಕಿದರೆ ಐದರಿಂದಲೂ ಕಾಯಿ ಸಿಗದು.

ಎರಡು, ನೀರು. ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸುವುದು ನೋಡಲು ಚೆಂದ. ಆದರೆ ಬೂಜಿಗೆ ಹಾಸಿಗೆ ಹಾಸಿಕೊಟ್ಟಂತೆ. ಒಣಹವೆಯಲ್ಲಿ ಬೂದಿ ಹತ್ತಿದ್ದರೆ ಮಾತ್ರ, ಬೆಳಗಿನ ಹೊತ್ತು ಎಲೆಗಳ ಎರಡು ಮಗ್ಗುಲಿಗೂ ಬರಿಯ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆದರೆ ರೋಗ ಹಿಂಜರಿಯುತ್ತದೆ. ಒಂದೇ ನೀರು ಬೂದಿಗೆ ಮದ್ದು, ಬೂಜಿಗೆ ಊಟ. ಎಲೆ ಮಗುಚಿ ನೋಡಿ ಎಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ.

ಮೂರು, ಗೊಬ್ಬರ. ಯೂರಿಯಾ ಮೊದಲಾದ ಸಾರಜನಕದ ಗೊಬ್ಬರವನ್ನು ಮೇಲಿಂದ ಮೇಲೆ ಕೊಟ್ಟರೆ ಎಲೆ ಎಳಸಾಗಿ ಕೊಬ್ಬುತ್ತದೆ. ಅಂಥ ಎಲೆ ಬೂದಿಗೆ ಬಲು ಪ್ರಿಯ. ಚೆನ್ನಾಗಿ ಕಳಿತ ಗೊಬ್ಬರ ಮಿತವಾಗಿ ಸಾಕು.

ನಾಲ್ಕು, ಕತ್ತರಿ. ಮೊದಲ ಮಚ್ಚೆ ಕಂಡ ದಿನವೇ ಆ ಎಲೆಯನ್ನು ತೊಟ್ಟಿನ ಸಮೇತ ಕತ್ತರಿಸಿ, ಚೀಲಕ್ಕೆ ಹಾಕಿ ತೋಟದಿಂದ ಹೊರಗೆ ಹಾಕಿ. ಬುಡದ ಹಣ್ಣೆಲೆಗಳನ್ನೂ ತೆಗೆದರೆ ಗಾಳಿಗೆ ದಾರಿಯಾಗುತ್ತದೆ. ಆದರೆ ಒಂದೇ ದಿನ ಗಿಡವನ್ನು ಬೋಳುಮಾಡಬೇಡಿ. ಎಲೆಯಿಲ್ಲದೆ ಕಾಯಿಗೆ ಊಟವಿಲ್ಲ.

ಇಷ್ಟರಿಂದಲೂ ಹಿಡಿತಕ್ಕೆ ಬರದಿದ್ದರೆ ಮದ್ದು. ಬೂದಿ ರೋಗಕ್ಕೆ ಮನೆಯಲ್ಲೇ ಮದ್ದಿದೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಸೇರಿಸಿ, ಬಿಸಿಲಿರುವ ದಿನ ಬೆಳಿಗ್ಗೆ ಎಲೆಗಳ ಎರಡು ಮಗ್ಗುಲಿಗೂ ಸಿಂಪಡಿಸಿ, ವಾರಕ್ಕೊಮ್ಮೆ ಮಾಡಿ. ಇದು ಬರಿಯ ಅಜ್ಜಿಮದ್ದಲ್ಲ. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ ಅವರು ಕುಂಬಳದ ಜಾತಿಯ ಗಿಡಗಳ ಮೇಲೆ ಇದನ್ನು ಪರೀಕ್ಷಿಸಿ, ಫಲ ಕಂಡು, ೧೯೯೯ರಲ್ಲಿ ಪ್ರಕಟಿಸಿದ್ದಾರೆ. ಹಾಲು ದುಬಾರಿಯೆನ್ನುವವರು ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಅಡಿಗೆ ಸೋಡಾ, ಎರಡು ಹನಿ ಸಾಬೂನಿನ ನೀರು ಹಾಕಿ ಸಿಂಪಡಿಸಬಹುದು. ಸೋಡಾ ಹೆಚ್ಚಾದರೆ ಎಲೆ ಸುಡುತ್ತದೆ, ಅಳತೆ ಮೀರಬೇಡಿ. ಬೇವಿನ ಎಣ್ಣೆಯನ್ನು ಲೀಟರಿಗೆ ಒಂದು ಚಮಚದಂತೆ ಸಾಬೂನಿನ ನೀರಿನೊಡನೆ ಕಲಸಿ ಸಂಜೆ ಹೊಡೆಯುವುದೂ ಉಂಟು. ಇವುಗಳಿಗೂ ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ೨ ಗ್ರಾಂ. ಗಂಧಕಕ್ಕೆ ಎರಡು ನಿಯಮಗಳಿವೆ: ಬಿಸಿಲು ೩೨ ಡಿಗ್ರಿ ಮೀರಿದ ದಿನ ಹೊಡೆಯಬಾರದು, ಎಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆಯಬಾರದು. ಮೀರಿದರೆ ರೋಗಕ್ಕಿಂತ ಮದ್ದೇ ಎಲೆಯನ್ನು ಸುಡುತ್ತದೆ. ಕರಬೂಜದಂಥ ಬಳ್ಳಿಗಳಿಗೆ ಗಂಧಕ ಒಗ್ಗುವುದೇ ಕಷ್ಟ.

ಬೂಜು ರೋಗಕ್ಕೆ ಹಾಲು, ಸೋಡಾ, ಗಂಧಕಗಳು ಪ್ರಯೋಜನವಿಲ್ಲ. ಅಲ್ಲಿ ತಾಮ್ರವೇ ಬೇಕು. ಮೈಲುತುತ್ತವನ್ನು ಇಲ್ಲಿಯ ಅಂಗಡಿಯಲ್ಲಿ ‘ಮೋರಚೂದ’ ಎಂದು ಕೇಳಿ. ನಮ್ಮ ಮೈಲು, ಅವರ ಮೋರ, ಎರಡೂ ನವಿಲೇ. ಅಡಿಕೆಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಎಂಬುದು ಲೆಕ್ಕ. ತರಕಾರಿಯ ಎಳೆ ಎಲೆಗೆ ಅದರ ಅರ್ಧ ಸಾಕು: ಒಂದು ಲೀಟರಿಗೆ ೫ ಗ್ರಾಂ ತುತ್ತ, ೫ ಗ್ರಾಂ ಸುಣ್ಣ. ಅರ್ಧ ನೀರಿನಲ್ಲಿ ತುತ್ತವನ್ನೂ ಉಳಿದರ್ಧದಲ್ಲಿ ಸುಣ್ಣವನ್ನೂ ಬೇರೆ ಬೇರೆಯಾಗಿ ಕದಡಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಹೊಯ್ದು ಕಲಕಬೇಕು. ಪಾತ್ರೆ ಮಣ್ಣಿನದೋ ಪ್ಲಾಸ್ಟಿಕ್ಕಿನದೋ ಇರಲಿ. ಕಬ್ಬಿಣದ್ದು ಕೂಡದು, ಅಡಿಗೆಯದಂತೂ ಕೂಡಲೇಕೂಡದು. ಶುಭ್ರವಾದ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ ನೋಡಿ. ಮೊಳೆಗೆ ಕೆಂಪು ಹತ್ತಿದರೆ ಸುಣ್ಣ ಕಡಿಮೆಯಾಗಿದೆ, ಇನ್ನಷ್ಟು ಸೇರಿಸಿ. ಮೊದಲು ಒಂದೆರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಕಲಸಿದ್ದನ್ನು ಅಂದೇ ಮುಗಿಸಿ. ಕೈಗೆ ಚೀಲ, ಮೂಗಿಗೆ ಬಟ್ಟೆ ಮರೆಯಬೇಡಿ. ಆಮೇಲೆ ಕಿತ್ತ ಕಾಯಿಯನ್ನು ಚೆನ್ನಾಗಿ ತೊಳೆದು ಬಳಸಿ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಾಶಿಕದ ಸೋದರಿ ತಮ್ಮ ಕಾಗದದ ಕೊನೆಗೆ ಹೀಗೆ ಬರೆದಿದ್ದಾರೆ: ಪರಿಚಯದ ದ್ರಾಕ್ಷಿ ತೋಟದವರು ತಮ್ಮಲ್ಲಿ ಉಳಿದ ‘ಜೋರಾದ ಔಷಧಿ’ಯನ್ನು ಸಣ್ಣ ಸೀಸೆಯಲ್ಲಿ ಕೊಟ್ಟಿದ್ದಾರೆ, ಒಂದು ಮುಚ್ಚಳ ಹಾಕಿದರೆ ಸಾಕೆಂದಿದ್ದಾರೆ, ಹೊಡೆಯಬಹುದೇ? ಕೊಟ್ಟವರ ಮನಸ್ಸು ಒಳ್ಳೆಯದು. ಆದರೂ ನಮ್ಮ ಉತ್ತರ ಒಂದೇ: ಬೇಡ.

ಕಾರಣ ಕೇಳಿ. ದ್ರಾಕ್ಷಿಯ ತೋಟದಲ್ಲಿ ಮದ್ದು ಹೊಡೆದವರಿಗೆ ಎಷ್ಟು ದಿನ ಕಳೆದ ಮೇಲೆ ಹಣ್ಣು ಕೊಯ್ಯಬೇಕೆಂಬ ಲೆಕ್ಕ ಗೊತ್ತಿರುತ್ತದೆ. ಕೆಲವಕ್ಕೆ ಆ ಗಡುವು ವಾರಗಟ್ಟಲೆ. ಹಿತ್ತಲಿನ ಸೌತೆಗೆ ಅಂಥ ಗಡುವು ಎಲ್ಲಿಯದು? ಇಂದು ಹೂವು ಬಾಡಿದ್ದು ಇನ್ನೊಂದು ವಾರಕ್ಕೆ ಕಾಯಿ. ಬೆಂಡೆಯನ್ನು ದಿನ ಬಿಟ್ಟು ದಿನ ಕೀಳುತ್ತೇವೆ. ಶಾಲೆಯಿಂದ ಬಂದ ಮಗು ಬಳ್ಳಿಯಿಂದ ಎಳೆಗಾಯಿ ಕಿತ್ತು, ತೊಳೆಯುವುದಕ್ಕೂ ಕಾಯದೆ ಬಾಯಿಗೆ ಹಾಕುತ್ತದೆ. ಎಲೆಯೊಳಗೆ ಇಳಿದು ಗಿಡದ ರಸದಲ್ಲಿ ಹರಿಯುವ ಮದ್ದುಗಳೂ ಇವೆ. ಅವು ತೊಳೆದರೆ ಹೋಗುವಂಥವಲ್ಲ. ನಮ್ಮ ಮನೆಯಲ್ಲಿ ಬೆಳೆದ ಕಾಯಿ ನಿರ್ಮಲವಾದದ್ದು ಎಂಬ ನಂಬಿಕೆಗಾಗಿಯೇ ನಾವು ಇಷ್ಟು ಮಣ್ಣು ಹೊತ್ತದ್ದು, ನೀರು ಹೊತ್ತದ್ದು. ನಾಲ್ಕು ಕಾಯಿ ಉಳಿಸಲು ಹೋಗಿ ಆ ನಂಬಿಕೆಯನ್ನೇ ಕಳೆದುಕೊಂಡರೆ ತೋಟ ಇದ್ದೂ ಇಲ್ಲದಂತೆ.

ಇನ್ನೊಂದು ಅಪಾಯ ಆ ಸೀಸೆಯದೇ. ನಮ್ಮ ದೇಶದಲ್ಲಿ ಇಂಥ ಔಷಧಿಗಳ ಡಬ್ಬಿಯ ಮೇಲೆ ವಿಷದ ತೀವ್ರತೆಯನ್ನು ಬಣ್ಣದ ಗುರುತಿನಿಂದ ತೋರಿಸಿರಬೇಕು: ಕೆಂಪು ಅತಿ ತೀವ್ರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಯಾವ ಬೆಳೆಗೆ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದೂ ಅದರಲ್ಲಿ ಇರುತ್ತದೆ. ಬೇರೆ ಸೀಸೆಗೆ ಹಾಕಿದೊಡನೆ ಇವೆಲ್ಲ ಅಳಿಸಿಹೋದಂತೆ. ಅಡಿಗೆಮನೆಯ ಮೂಲೆಯಲ್ಲಿ ಹೆಸರಿಲ್ಲದ ಸೀಸೆ ಇರುವುದಕ್ಕಿಂತ ಬಳ್ಳಿ ಒಣಗಿಹೋಗುವುದೇ ಮೇಲು. ಅದನ್ನು ಮೋರಿಗೆ ಚೆಲ್ಲಬೇಡಿ. ಕೊಟ್ಟವರಿಗೇ ವಂದನೆ ಹೇಳಿ ಹಿಂದಿರುಗಿಸಿ.

ಹಾಗಾದರೆ ಆ ಸೋದರಿಯ ಸೌತೆಯ ಗತಿಯೇನು? ಮುಕ್ಕಾಲು ಎಲೆ ಸುಟ್ಟ ಬಳ್ಳಿಯನ್ನು ಯಾವ ಮದ್ದೂ ಉಳಿಸದು. ಆದರೆ ಊರಿನ ಬೀಜದ ಚಿಂತೆಯನ್ನು ಬಿಡಬಹುದು. ಈ ಬೂಜು ಎಲೆಯ ರೋಗ. ಕಾಯಿಯೊಳಕ್ಕೆ ಇಳಿದು ಕೊಳೆಸುವಂಥದ್ದಲ್ಲ. ಬಳ್ಳಿಯಲ್ಲಿ ಬಲಿತ ಕಾಯಿ ಒಂದೇ ಒಂದು ಇದ್ದರೂ ಸಾಕು. ಅದರ ಮೇಲೆ ಬಿಸಿಲು ನೇರ ಬೀಳದಂತೆ ಒಣಹುಲ್ಲು ಹೊದಿಸಿ, ಪೂರ್ತಿ ಬಣ್ಣ ತಿರುಗಿದ ಮೇಲೆ ಕೊಯ್ಯಿರಿ. ನಮ್ಮ ಕರಾವಳಿಯ ಮನೆಗಳಲ್ಲಿ ಬಾಳೆಯ ನಾರಿನಿಂದ ಸೌತೆಯನ್ನು ಮಾಡಿಗೆ ತೂಗುಹಾಕಿ ತಿಂಗಳುಗಟ್ಟಲೆ ಇಡುತ್ತಿದ್ದ ಹಾಗೆ, ಅದನ್ನು ಗಾಳಿಯಾಡುವ ಕಡೆ ತೂಗುಹಾಕಿ. ಬೀಜ ತೆಗೆದು ತೊಳೆದು ನೆರಳಿನಲ್ಲಿ ಒಣಗಿಸಿ. ಉಳಿದ ಬಳ್ಳಿಯನ್ನು ಕಿತ್ತು ಹೊರಗೆ ಹಾಕಿ. ಸಂಕ್ರಾಂತಿ ಕಳೆದು ಚಳಿ ತಗ್ಗಿದ ಮೇಲೆ ಮತ್ತೆ ಬಿತ್ತಿ. ಬೇಸಿಗೆಯ ಒಣಗಾಳಿಯಲ್ಲಿ ಬೂಜು ಅಷ್ಟಾಗಿ ಹತ್ತಿರ ಸುಳಿಯದು. ಬೂದಿ ಬಂದರೆ ಹಾಲಿನ ನೀರು ಇದ್ದೇ ಇದೆ.

ಸಂಭಾಜಿನಗರದ ಗೃಹಸ್ಥರು ಬೆಂಡೆಯ ಕುಂಡಗಳನ್ನು ದೂರ ದೂರ ಸರಿಸಿ, ಬುಡದ ಎಲೆ ತೆಗೆದು, ಹಾಲಿನ ನೀರಿನಿಂದ ಆರಂಭಿಸಲಿ. ಬಟಾಣಿಯನ್ನು ಮುಂದಿನ ವರ್ಷ ಹಾಕುವಾಗ ತಳಿ ನೋಡಿ ಹಾಕುವುದು ಜಾಣತನ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಬೂದಿಯನ್ನು ತಡೆಯಬಲ್ಲ ‘ಅರ್ಕ ಅಜಿತ್’ ಎಂಬ ಬಟಾಣಿ ತಳಿಯನ್ನು ಕೊಟ್ಟಿದ್ದಾರೆ. ಊರಿಗೆ ಹೋದಾಗ ಒಂದು ಪೊಟ್ಟಣ ತಂದಿಟ್ಟುಕೊಳ್ಳಿ.

ನಮ್ಮ ಓದುಗರಲ್ಲಿ ಒಂದು ಬಿನ್ನಹ. ಈ ಚಳಿಗಾಲದಲ್ಲಿ ನಿಮ್ಮ ತೋಟದಲ್ಲಿ ಮೊದಲ ಮಚ್ಚೆ ಕಂಡ ತಾರೀಖು, ಅದಕ್ಕೆ ಹಿಂದಿನ ಮೂರು ದಿನದ ಹವೆ, ಮಚ್ಚೆ ಎಲೆಯ ಮೇಲಿತ್ತೋ ಕೆಳಗಿತ್ತೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿಕೊಡಿ. ಎರಡೂ ಊರಿನ ಚೀಟಿಗಳನ್ನು ಕೂಡಿಸಿ ಯುಗಾದಿ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಯಾವ ವಾರ ಎಚ್ಚರವಾಗಿರಬೇಕೆಂಬುದು ಅದರಿಂದ ಎಲ್ಲರಿಗೂ ತಿಳಿದೀತು. ಅಲ್ಲಿಯವರೆಗೆ, ಬೆಳಗಿನ ಕಾಫಿಗೆ ಮುಂಚೆ ಒಂದು ಸುತ್ತು ತೋಟಕ್ಕೆ ಹೋಗಿ ಬನ್ನಿ. ನಾಲ್ಕು ಎಲೆ ಮಗುಚಿ ನೋಡಿ.